ಖಜಾನೆ, ತರಗತಿ, ನೀರಿನ ಟ್ಯಾಂಕು

ಮಾರ್ಚ್ ೪, ಮಂಗಳವಾರ

ಮೂವತ್ತೊಂದು ವರ್ಷ ಹೋಟೆಲುಗಳ ಬೆಡ್‌ಶೀಟು ಒಗೆದಿದ್ದೇನೆ. ಹೋಟೆಲಿನ ಮಂಚದ ಮೇಲೆ ಮಲಗುತ್ತಿರುವುದು ಮಾತ್ರ ಇವತ್ತೇ ಮೊದಲು. ಅದೂ ಬ್ಯಾಂಕಿನ ಖಜಾನೆಯೊಳಗೆ.

ಈ ಕಟ್ಟಡ ಹಿಂದೆ ಬ್ಯಾಂಕಾಗಿತ್ತಂತೆ. ಬ್ಯಾಂಕಿನವರು ಖಾಲಿ ಮಾಡಿಕೊಂಡು ಹೋದ ಮೇಲೆ ಯಾರೋ ಪುಣ್ಯಾತ್ಮ ಕಟ್ಟಡ ಒಡೆಯುವ ಗೋಜಿಗೆ ಹೋಗದೆ ಹೋಟೆಲು ಮಾಡಿದ್ದಾನೆ. ಒಳಗೆ ಕಾಲಿಟ್ಟ ಕೂಡಲೇ ಹಿತ್ತಾಳೆಯ ಟೋಕನ್ ಕೈಗಿಟ್ಟರು. ನಲವತ್ತೇಳು. ಅಷ್ಟು ದೊಡ್ಡ ಹಾಲಿನಲ್ಲಿ ನಾನೊಬ್ಬಳೇ.

"ಕೂತ್ಕೊಳ್ಳಿ ಅಮ್ಮಾ, ನಿಮ್ಮ ನಂಬರ್ ಬಂದಾಗ ಕರೀತೀವಿ" ಅಂದಳು ಜಾಲರಿಯ ಹಿಂದೆ ಕೂತಿದ್ದ ಹೆಂಗಸು.

"ನಲವತ್ತಾರು ಎಲ್ಲಿ?"

"ಅವ್ರು ನಿನ್ನೆ ಬಂದ್ರು."

"ಮತ್ತೆ ಯಾರಿಗೆ ಕಾಯ್ಬೇಕು?"

"ಕಾಯೋದೇ ಇಲ್ಲಿನ ವಿಶೇಷ ಅಮ್ಮಾ. ಬಂದವರಿಗೆಲ್ಲ ಬಲು ಖುಷಿ."

ಕಾದೆ. ಐದು ನಿಮಿಷದ ಮೇಲೆ "ನಲವತ್ತೇಳೂ!" ಎಂದು ಊರಿಗೇ ಕೇಳುವಂತೆ ಕೂಗಿದಳು.

ಒಪ್ಪಂದ ಏನೆಂದು ಬರೆದಿಡುತ್ತೇನೆ, ನಾಳೆ ನನಗೇ ಅನುಕೂಲವಾಗುವ ಹಾಗೆ ಮರೆತುಹೋಗಬಾರದು. ದೊಡ್ಡ ಮಷೀನುಗಳ ಲಾಂಡ್ರಿ ಕಂಪನಿಯವರು ನಮ್ಮ ಲಾಂಡ್ರಿಯನ್ನು ಕೊಡಿ ಕೊಡಿ ಎಂದು ಆರು ತಿಂಗಳಿಂದ ಬೆನ್ನು ಬಿದ್ದಿದ್ದಾರೆ. ನನಗೆ ಅರವತ್ತಮೂರು. ಮಂಡಿ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಇಪ್ಪತ್ತನಾಲ್ಕನೇ ತಾರೀಕು ಉತ್ತರ ಹೇಳುತ್ತೇನೆ ಎಂದಿದ್ದೆ. ವಿಷಯ ಗೊತ್ತಾಗಿ ಮಗಳು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು. ಹನ್ನೆರಡು ವರ್ಷದಿಂದ ನನ್ನ ಜೊತೆ ದುಡಿಯುತ್ತಿರುವವಳು.

"ಮಾರೋಕೆ ಮುಂಚೆ ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ ಅಮ್ಮ?"

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಕೇಳ್ಬೇಕಿತ್ತು."

"ಒಬ್ಬಳ ಕೈಲಿ ಆಗಲ್ಲ ಮರಿ."

"ಒಬ್ಬಳನ್ನೇ ಯಾವತ್ತು ಬಿಟ್ಟಿದೀಯ? ನಾನು ಸೋಪು ಹಾಕಿದ್ರೆ ಹಿಂದೆ ನಿಂತು ಚಮಚ ಎಣಿಸ್ತೀಯ."

ಎಣಿಸುತ್ತೇನೆ, ನಿಜ. ಅವಳು ಅರ್ಧ ಚಮಚ ಹೆಚ್ಚೇ ಹಾಕುತ್ತಾಳೆ.

ಕೊನೆಗೆ ಮಾತಾಯಿತು: ಇಪ್ಪತ್ತೊಂದು ದಿನ ಲಾಂಡ್ರಿ ಅವಳದು. ನಾನು ಒಳಗೆ ಕಾಲಿಡಬಾರದು, ಅವಳಿಗೆ ಫೋನ್ ಮಾಡಬಾರದು. ನಡೆದರೆ ಲಾಂಡ್ರಿ ಅವಳಿಗೆ, ಮುಗ್ಗರಿಸಿದರೆ ಕಂಪನಿಗೆ. ನಮ್ಮ ಮನೆ ಇರುವುದು ಲಾಂಡ್ರಿಯ ಮೇಲೆ. "ಮೇಲಿದ್ರೆ ಮೆಟ್ಟಿಲು ಇಳಿದೇ ಇಳೀತೀಯ, ನಿದ್ದೇಲೂ ಇಳೀತೀಯ" ಎಂದು ನನ್ನ ಪೆಟ್ಟಿಗೆ ಅವಳೇ ಕಟ್ಟಿದಳು. ಮೂರು ಹೋಟೆಲು, ಒಂದೊಂದರಲ್ಲಿ ಒಂದೊಂದು ವಾರ. ಮೂರೂ ಹೊಸ ನಮೂನೆಯ ಹುಚ್ಚು ಹೋಟೆಲುಗಳು, ಮೂರರ ಬಟ್ಟೆಯೂ ಕಂಪನಿಗೇ ಹೋಗುತ್ತದೆ. ನಾವೂ ಒಂದು ಕೈ ನೋಡೋಣ ಎಂದು ಅವಳು ಹೇಳಿದಾಗಲೆಲ್ಲ ನಾನು ನಗಾಡಿದ್ದೆ. "ಒಂದ್ಸಲ ಮಲಗೆದ್ದು ಬಾ, ಆಮೇಲೆ ನಗು" ಎಂದಳು.

ಒಪ್ಪಂದದಲ್ಲಿ ಒಂದು ತೂತಿದೆ. ಇಸ್ತ್ರಿ ಮೇಸ್ತ್ರಿಗೆ ಫೋನ್ ಮಾಡಬಾರದು ಎಂದು ಅವಳು ಹೇಳಿಲ್ಲ. ಅವನು ನನ್ನ ಜೊತೆ ಇಪ್ಪತ್ತಾರು ವರ್ಷದಿಂದ ಇದ್ದಾನೆ.

ಇವತ್ತಿನ ಫೋನು: ಮೇಸ್ತ್ರಿಗೆ ಒಂಬತ್ತು.

ಮಾರ್ಚ್ ೫, ಬುಧವಾರ

ಖಜಾನೆಯ ಬಾಗಿಲು ಒಂದು ಮೊಳ ದಪ್ಪ, ಗುಂಡಗೆ, ಉಕ್ಕಿನದು. ಅದನ್ನು ಮುಚ್ಚಲಾಗದ ಹಾಗೆ ನೆಲಕ್ಕೆ ಬೆಸುಗೆ ಹಾಕಿಬಿಟ್ಟಿದ್ದಾರೆ. ಅದರ ಮುಂದೆ ಒಂದು ಪರದೆ. ಎಂಥ ಗಂಡಾಂತರಕ್ಕೂ ಜಗ್ಗದ ಬಾಗಿಲಿಟ್ಟುಕೊಂಡು ಮಾನ ಮುಚ್ಚಲು ಎರಡು ಗಜ ಬಟ್ಟೆ!

ಲೆಕ್ಕಕ್ಕೆ: ಗೋಡೆಯಲ್ಲಿ ಲಾಕರುಗಳು ನೂರ ನಲವತ್ತನಾಲ್ಕು, ತೆರೆಯುವಂಥವು ಮೂರು. ಬಟ್ಟೆ ನೇತುಹಾಕಲು ಗೂಟ ಒಂದೇ. ಬೆಡ್‌ಶೀಟು ಒಳ್ಳೆಯ ನೂಲಿನದು, ಆದರೆ ಕಂಪನಿಯವರು ಒಂದೇ ನೀರಿನಲ್ಲಿ ಜಾಲಿಸಿ ಎತ್ತಿದ್ದಾರೆ. ಕೆನ್ನೆಯಿಟ್ಟರೆ ಸೋಪಿನ ವಾಸನೆ. ಅಂಚಿನ ಇಸ್ತ್ರಿ ಮಡಿಕೆ ಬಿದ್ದಿದೆ. ದಿಂಬಿನ ಕವರಿಗೆ ಗಂಜಿ ಹೆಚ್ಚು, ಮುಖಕ್ಕೆ ರಟ್ಟು ಒತ್ತಿದ ಹಾಗೆ.

ನಿದ್ದೆ ಬರಲಿಲ್ಲ. ಇಷ್ಟು ಸದ್ದಿಲ್ಲದ ಕಡೆ ನಾನು ಮಲಗಿಯೇ ಇಲ್ಲ. ಕೆಳಗೆ ಮಷೀನು ಗುರುಗುಟ್ಟುತ್ತಿದ್ದರೆ ನನಗೆ ಜೋಗುಳ.

ಫೋನು: ಹನ್ನೊಂದು. ಅದರಲ್ಲಿ ಮೇಸ್ತ್ರಿ ಎತ್ತಿದ್ದು ಆರು.

ಮಾರ್ಚ್ ೬, ಗುರುವಾರ

ಇವತ್ತು ನಡೆದದ್ದನ್ನು ಮಗಳಿಗೆ ಹೇಳುವ ಹಾಗಿಲ್ಲ, ಸತ್ತರೂ ಹೇಳುವುದಿಲ್ಲ.

ಬೆಳಿಗ್ಗೆ ಎದ್ದೆ. ಎದ್ದ ಕೂಡಲೇ ಕೈ ಅದರಷ್ಟಕ್ಕೆ ಕೆಲಸ ಶುರುಮಾಡಿತು: ಬೆಡ್‌ಶೀಟು ಎಳೆದೆ, ದಿಂಬಿನ ಕವರು ಬಿಚ್ಚಿದೆ, ಟವೆಲು ಸೇರಿಸಿ ಗಂಟು ಕಟ್ಟಿ, ಕಂಬಳಿ ನಾಲ್ಕು ಮಡಿಕೆ ಮಾಡಿ, ಪರದೆಯ ಆಚೆ ಇಟ್ಟೆ. ಪೆಟ್ಟಿಗೆಯನ್ನು ನೀಟಾಗಿರಲಿ ಎಂದು ಲಾಕರಿನ ಗೂಡಿಗೆ ತಳ್ಳಿದೆ. ಆಮೇಲೆ ಕಾಲಾಡಿಸಲು ಹೋದೆ. ಗಂಟು ನೋಡಿದ ಕೆಲಸದವಳಿಗೆ ಏನನ್ನಿಸಬೇಕು? ಹೋಟೆಲಿಗೆ ಬಂದವರು ಯಾರಾದರೂ ಹಾಸಿಗೆ ಬಿಚ್ಚಿ ಗಂಟು ಕಟ್ಟಿ ಕೊಡುತ್ತಾರೆಯೇ? ಅಮ್ಮ ಖಾಲಿ ಮಾಡಿಕೊಂಡು ಹೋದರು ಅಂದುಕೊಂಡಳು. ರೂಮು ಗುಡಿಸಿ ಇನ್ನೊಬ್ಬರಿಗೆ ಕೊಟ್ಟರು.

ನಾನು ವಾಪಸು ಬಂದು ಪರದೆ ಸರಿಸಿದರೆ ಒಳಗೊಬ್ಬ ಗಂಡಸು ಬನಿಯನ್ನಿನಲ್ಲಿ ನಿಂತು ಗಡ್ಡ ಹೆರೆಯುತ್ತಿದ್ದಾನೆ.

"ಯಾರ್ರೀ ನೀವು?" ಎಂದೆ.

"ನಲವತ್ತೊಂಬತ್ತು" ಎಂದ ಪಾಪ, ಟೋಕನ್ ಎತ್ತಿ ತೋರಿಸುತ್ತ.

"ಇದು ನನ್ನ ಖಜಾನೆ!"

"ಅಮ್ಮಾ, ಕದಿಯೋಕೆ ಬಂದೋನು ಸೋಪು ಹಚ್ಕೊಂಡು ನಿಲ್ತಾನಾ?"

ಲಿಫ್ಟ್ ರಿಪೇರಿ ಮಾಡುವವರಂತೆ, ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಊರಿನ ಹೋಟೆಲುಗಳ ಲಿಫ್ಟೆಲ್ಲ ಅವರ ಕೈಯವೇ, ಕೆಲಸವಿರುವ ಹೋಟೆಲಿನಲ್ಲೇ ತಂಗುತ್ತಾರಂತೆ. ಜಾಲರಿಯ ಹೆಂಗಸು ಓಡಿ ಬಂದಳು. ಗಂಟಿನ ವಿಚಾರ ಹೊರಬಿತ್ತು. ಅವಳು ತುಟಿ ಕಚ್ಚಿ ನಿಂತಳು, ಲಿಫ್ಟಿನವರು ಅರ್ಧ ಗಡ್ಡದಲ್ಲೇ ನಕ್ಕರು. "ರಜಾ ಹಾಕಿ ಬಂದೋರು ಕೆಲಸಾನೂ ಜೊತೇಲಿ ಕರ್ಕೊಂಡ್ ಬಂದ್ಬಿಟ್ಟಿದೀರ" ಅಂದರು. ಅವರಿಗೆ ಮೇಲಿನ ಮ್ಯಾನೇಜರ್ ರೂಮು ಕೊಟ್ಟರು.

ಫೋನು: ಏಳು.

ಮಾರ್ಚ್ ೮, ಶನಿವಾರ

ಮೇಸ್ತ್ರಿ ಬಾಯಿ ಬಿಟ್ಟ. ಮಗಳು ಮೂರು ಮಹಡಿ ಹೋಟೆಲನ್ನು ಬಿಟ್ಟುಬಿಟ್ಟಳಂತೆ! ನನ್ನ ಮೊದಲ ಗಿರಾಕಿ. ಇವಳಪ್ಪ ತೀರಿಕೊಂಡಾಗ ಇವಳಿಗೆ ಮೂರು ವರ್ಷ. ಎರಡು ಬಕೆಟ್ಟು ಹಿಡಿದುಕೊಂಡು ಹೋಗಿ ಕೆಲಸ ಕೇಳಿದ್ದು ಆ ಬಾಗಿಲಲ್ಲೇ.

"ಯಾಕಂತೆ?"

"ಅವರ ಮ್ಯಾನೇಜರು ನಮ್ಮ ಹುಡುಗೀರ ಮೇಲೆ ಕೂಗಾಡ್ತಾನಲ್ಲ ಅಮ್ಮಾ. ಹರಿದ ಶೀಟು ಅವರೇ ಕಳಿಸಿ, ನೀವೇ ಹರಿದಿದ್ದು ಅಂತಾನೆ."

"ಇಪ್ಪತ್ತು ವರ್ಷದಿಂದ ಹಾಗೇ ಅಂತಾನೆ. ಹೂಂ ಅಂದು ಬರ್ಬೇಕು."

"ಇಸ್ತ್ರಿ ಕಾದಿದೆ ಅಮ್ಮಾ" ಎಂದು ಮೇಸ್ತ್ರಿ ಫೋನಿಟ್ಟ. ಅವನ ಮಾತಿಗೂ ಇಸ್ತ್ರಿ ಹಾಕಿರುತ್ತಾನೆ, ಒಂದು ಸುಕ್ಕೂ ಕಾಣುವುದಿಲ್ಲ.

ತಿಂಡಿಯ ಮೇಜಿನಲ್ಲಿ ಮತ್ತೆ ಫೋನು ಒತ್ತುತ್ತ ಕೂತಿದ್ದೆ. ಲಿಫ್ಟಿನವರು ಎದುರು ಬಂದು ಬ್ರೆಡ್ಡಿಗೆ ಬೆಣ್ಣೆ ಸವರಿದರು. ಮೂರು ಸಲ ಒತ್ತಿದ್ದನ್ನು ನೋಡಿದರು.

"ಲಿಫ್ಟಿನ ಗುಂಡಿ ಒತ್ತಿದ ಮೇಲೆ ಮತ್ತೆ ಮತ್ತೆ ಒತ್ತಿದ್ರೆ ಅದು ಬೇಗ ಬರಲ್ಲ ಅಮ್ಮಾ. ಗುಂಡಿ ಸವೆಯುತ್ತೆ ಅಷ್ಟೇ. ನನ್ನ ಅರ್ಧ ಬದುಕು ಆ ಗುಂಡಿ ಬದಲಾಯಿಸೋದ್ರಲ್ಲೇ ಹೋಯ್ತು."

"ನಿಮ್ಮನ್ನ ಕೇಳಿದ್ನಾ?"

"ಇಲ್ಲ. ಬೆಣ್ಣೆ ಬೇಕಾ?"

ತೆಗೆದುಕೊಂಡೆ. ಬೆಣ್ಣೆ ಚೆನ್ನಾಗಿತ್ತು. ಆದರೂ ಮೂರು ಮಹಡಿಯವರನ್ನು ಬಿಡುವುದೆಂದರೇನು? ಮುಗ್ಗರಿಸಲು ಶುರುಮಾಡಿದಳು, ನಾನು ಹೇಳಿರಲಿಲ್ಲವೇ.

ಫೋನು: ಐದು.

ಮಾರ್ಚ್ ೧೧, ಮಂಗಳವಾರ

ಎರಡನೇ ಹೋಟೆಲು. ಹಳೆಯ ಶಾಲೆ. ನನ್ನ ರೂಮು ಐದನೇ ತರಗತಿ, 'ಬಿ' ವಿಭಾಗ. ಗೋಡೆಯಗಲಕ್ಕೆ ಕರಿಹಲಗೆ. ದೂರು ಏನಿದ್ದರೂ ಅದರ ಮೇಲೆ ಬರೆಯಬೇಕಂತೆ. ಮಂಚದ ಎರಡು ಪಕ್ಕಕ್ಕೂ ಬೆಂಚು, ಬೆಂಚಿನ ಮೇಲೆ ಯಾವುದೋ ಕಾಲದ ತುಂಟರು ಮೊಳೆಯಲ್ಲಿ ಕೆತ್ತಿದ ಹೆಸರುಗಳು. ಹಾಗೇ ಬಿಟ್ಟಿದ್ದಾರೆ. ಬೆಳಗಿನ ತಿಂಡಿಗೆ ಗಂಟೆ ಹೊಡೆಯುತ್ತಾರೆ. ಸಾಲಾಗಿ ಹೋಗಬೇಕು. ಹೋಟೆಲು ನಡೆಸುವ ಯಜಮಾನಿ ಹಾಜರಿ ಪುಸ್ತಕ ಹಿಡಿದು ರೂಮಿನ ನಂಬರು ಕರೆಯುತ್ತಾಳೆ.

"ಐದು ಬಿ?"

ನಾನು ಮೊಟ್ಟೆಯ ತಟ್ಟೆ ನೋಡುತ್ತ ಕೂತಿದ್ದೆ.

"ಐದು ಬಿ ಬಂದಿಲ್ವಾ?"

"ಎದುರಿಗೇ ಕೂತಿದೀನಲ್ಲ, ಕಣ್ಣು ಕಾಣ್ಸಲ್ವಾ?"

"ಹಾಜರ್ ಅನ್ಬೇಕು. ಇಲ್ಲಾಂದ್ರೆ ಮೊಟ್ಟೆ ಇಲ್ಲ."

"ಹಾಜರ್" ಎಂದೆ. ಎಲ್ಲ ಬೆಂಚುಗಳೂ ಚಪ್ಪಾಳೆ ತಟ್ಟಿದವು. ನಾನು ಶಾಲೆಗೆ ಹೋಗಿದ್ದು ನಾಲ್ಕನೇ ತರಗತಿವರೆಗೆ ಮಾತ್ರ. ಈಗ ಬಡ್ತಿ ಸಿಕ್ಕಿದೆ.

ಹಲಗೆಯ ಮೇಲೆ ಬರೆದೆ: "ದಿಂಬಿನ ಕವರಿನ ಹೊಲಿಗೆ ಒಳಗೆ ಬರಬೇಕು, ಹೊರಗೆ ಬಂದಿದೆ. ಒಗೆದವರು ಮಗುಚಿ ಇಸ್ತ್ರಿ ಮಾಡಿದ್ದಾರೆ." ಸಂಜೆ ನೋಡಿದರೆ ಕೆಳಗೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ: "ಸರಿ ಮೇಡಂ. ಹತ್ತಕ್ಕೆ ಒಂಬತ್ತು. ಅಕ್ಷರ ದುಂಡಗಿರಲಿ."

ಫೋನು: ಮೂರು. ಅಲ್ಲ, ನಾಲ್ಕು.

ಮಾರ್ಚ್ ೧೩, ಗುರುವಾರ

ಇವತ್ತು ಪರೀಕ್ಷೆ. ಪ್ರತಿ ವಾರವೂ ಇಡುತ್ತಾರಂತೆ, ಬಂದು ತಂಗಿದವರು ಇಷ್ಟಪಟ್ಟರೆ ಕೂರಬಹುದು. ನಾನು ಬೇಡ ಅಂದುಕೊಂಡೇ ಹೋದೆ. ಒಬ್ಬ ನಿವೃತ್ತ ನ್ಯಾಯಾಧೀಶ, ಪ್ರವಾಸಕ್ಕೆ ಬಂದ ದಂಪತಿ, ಒಬ್ಬ ಪಿಟೀಲು ಬಾರಿಸುವ ಹೆಂಗಸು, ನಾನು. ಪ್ರಶ್ನೆ ಪತ್ರಿಕೆ ಮಕ್ಕಳದೇ, ಹಳೆಯದು. ಗಣಿತ.

ನ್ಯಾಯಾಧೀಶರು ನನ್ನ ಪಕ್ಕದ ಬೆಂಚು. ಏಳರ ಮಗ್ಗಿಯ ಹತ್ತಿರ ನಿಂತುಬಿಟ್ಟರು. ಬಗ್ಗಿ "ಏಳೆಂಟಲ ಎಷ್ಟ್ರಿ?" ಅಂತ ಪಿಸುಗುಟ್ಟಿದರು. ನಾನು ಕೈಯಡ್ಡ ಇಟ್ಟುಕೊಂಡೆ. ಅವರು ಬಿಡಲಿಲ್ಲ. "ಐವತ್ತಾರು" ಎಂದೆ. ಯಜಮಾನಿಗೆ ಕೇಳಿಸಿತು.

"ಇಬ್ರೂ ಬೆಂಚ್ ಮೇಲೆ ನಿಂತ್ಕೊಳ್ಳಿ!"

"ನನಗೆ ಮಂಡಿ ನೋವು" ಎಂದೆ.

"ನಾನು ಮೂವತ್ತು ವರ್ಷ ಜನಕ್ಕೆ ಶಿಕ್ಷೆ ಕೊಟ್ಟೋನು" ಎಂದರು ನ್ಯಾಯಾಧೀಶರು, ಬೆಂಚು ಹತ್ತುತ್ತ. "ಇದು ನ್ಯಾಯವಾದ ತೀರ್ಪು. ಕೈ ಕೊಡಿ, ಹತ್ತಿಸ್ತೀನಿ."

ಹತ್ತಿದೆ. ಬೆಂಚಿನ ಮೇಲಿಂದ ಕಿಟಕಿಯಾಚೆ ಆಟದ ಬಯಲು ಪೂರ್ತಿ ಕಾಣಿಸಿತು, ಅದರಾಚೆಯ ಮನೆಯವರು ಒಣಗಲು ಹಾಕಿದ್ದ ಬಿಳಿ ಬೆಡ್‌ಶೀಟುಗಳು ಗಾಳಿಗೆ ಹೊಟ್ಟೆ ಉಬ್ಬಿಸಿಕೊಂಡಿದ್ದವು. ನೋಡಲು ಬಲು ಚೆಂದ. ಮೂವತ್ತೊಂದು ವರ್ಷ ಅವುಗಳ ಹತ್ತಿರವೇ ನಿಂತಿದ್ದೆ, ಅದಕ್ಕೇ ಕಾಣಿಸಿರಲಿಲ್ಲವೇನೋ. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ಹತ್ತಕ್ಕೆ ಹತ್ತು ಬಂದದ್ದು ನನಗೊಬ್ಬಳಿಗೇ.

ಮಾರ್ಚ್ ೧೪, ಶುಕ್ರವಾರ

ಬಹುಮಾನ ಒಂದು ಪೆನ್ಸಿಲು, ಒಂದು ರಬ್ಬರು. ಪಿಟೀಲಿನವಳು ಮಧ್ಯಾಹ್ನ ಬಯಲಲ್ಲಿ ಕೂತು ಬಾರಿಸಿದಳು. ಎರಡು ಗಂಟೆ ಕೇಳಿದೆ.

ಮಾರ್ಚ್ ೧೬, ಭಾನುವಾರ

ಎಂಟೂವರೆಗೆ ಎಚ್ಚರ. ಗಂಟೆ ಹೊಡೆದದ್ದೇ ಕೇಳಿಸಿರಲಿಲ್ಲ. ಹಾಸಿಗೆ ಹಾಗೇ ಬಿಟ್ಟು ಓಡಿದೆ, ಹಾಜರಿಗೆ ತಡವಾಗಿತ್ತು.

ತಿಂಡಿ ಆದ ಮೇಲೆ ಮೇಸ್ತ್ರಿಯ ನೆನಪಾಗಿ ಫೋನ್ ಮಾಡಿದೆ. ಧ್ವನಿ ಎಂದಿನ ಹಾಗಿರಲಿಲ್ಲ.

"ಅಮ್ಮಾ, ಒಂದು ಮಾತು. ತಪ್ಪು ತಿಳ್ಕೋಬೇಡಿ."

"ಹೇಳು."

"ಇನ್ನು ನನ್ನ ಕೇಳ್ಬೇಡಿ. ಬೆಳಿಗ್ಗೆ ಅವಳ ಜೊತೆ ಕೆಲಸ ಮಾಡಿ, ಮಧ್ಯಾಹ್ನ ಅವಳ ಬೆನ್ನ ಹಿಂದೆ ಚಾಡಿ ಹೇಳೋಕೆ ನನಗೆ ಆಗ್ತಿಲ್ಲ. ನಿಮ್ಮ ಋಣ ನನ್ನ ಮೇಲಿದೆ. ಆದ್ರೆ ಆ ಹುಡುಗಿ ನನ್ನ ಕೈಲೇ ಇಸ್ತ್ರಿ ಹಿಡಿಯೋದು ಕಲಿತೋಳು."

ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಊಟ ಆಯ್ತಾ?" ಎಂದೆ. "ಇನ್ನೂ ಹತ್ತು ಗಂಟೆ ಅಮ್ಮಾ" ಎಂದ. ಇಬ್ಬರೂ ಫೋನಿಟ್ಟೆವು.

ಲಾಂಡ್ರಿಯೊಳಗೆ ಏನಾಗುತ್ತಿದೆಯೋ ಈಗ ನನಗೆ ಯಾವ ಸುದ್ದಿಯೂ ಇಲ್ಲ. ಇನ್ನು ಎಂಟು ದಿನ.

ಮಾರ್ಚ್ ೧೮, ಮಂಗಳವಾರ

ಮೂರನೆಯದು ನೀರಿನ ಟ್ಯಾಂಕು. ಊರಿಗೆ ನೀರು ಕೊಡುತ್ತಿದ್ದ ಹಳೆಯ ಎತ್ತರದ ಟ್ಯಾಂಕಿನ ಹೊಟ್ಟೆಯೊಳಗೆ ರೂಮು ಮಾಡಿದ್ದಾರೆ. ನೂರ ಹದಿನೆಂಟು ಮೆಟ್ಟಿಲು, ಲಿಫ್ಟು ಕೆಟ್ಟಿದೆ. ಹತ್ತುವಾಗ ಮಂಡಿಗೆ ಸಮಾಧಾನ ಹೇಳಿಕೊಂಡು ನಾಲ್ಕು ಕಡೆ ಕೂತೆ.

ರೂಮಿಗೆ ಮೂಲೆಯೇ ಇಲ್ಲ. ಎಲ್ಲವೂ ದುಂಡಗೆ. ಪೆಟ್ಟಿಗೆಯನ್ನು ಎಲ್ಲಿಟ್ಟರೂ ನಡುವೆ ಇಟ್ಟ ಹಾಗೇ ಕಾಣುತ್ತದೆ. ಹಾಸಿಗೆಯೂ ದುಂಡು. ತಲೆ ಯಾವ ಕಡೆ ಎಂದು ಹಾಸಿಗೆಯ ಸುತ್ತ ಎರಡು ಪ್ರದಕ್ಷಿಣೆ ಹಾಕಿದೆ. ಸುತ್ತಲೂ ಕಿಟಕಿ, ಊರಿನ ಮಾಳಿಗೆಗಳೆಲ್ಲ ಕೆಳಗೆ. ನಮ್ಮ ಲಾಂಡ್ರಿಯ ಹೊಗೆ ಕೊಳವೆ ದೂರದಲ್ಲಿ ಬೆರಳಿನಷ್ಟು ಕಾಣುತ್ತದೆ. ಹೊಗೆ ಬರುತ್ತಿದೆ. ಸರಿ.

ಬೆಡ್‌ಶೀಟು ದುಂಡಗಿದೆ, ಅದು ಸರಿ. ಆದರೆ ಅವಸ್ಥೆ ನೋಡಬೇಕು. ಹಸು ಅಗಿದು ಉಗುಳಿದ ಹಾಗೆ. ಕೆಲಸದವಳು ಒಳ್ಳೆಯ ಮಾತುಗಾತಿ. "ಕಂಪನಿ ಮಷೀನು ಚೌಕಕ್ಕೆ ಮಾಡಿದ್ದು ಅಕ್ಕಾ. ದುಂಡಗಿರೋದನ್ನ ಅದರ ಬಾಯಿಗೆ ಕೊಟ್ರೆ ಹೀಗೇ ಆಗುತ್ತೆ. ಬಂದೋರು ಊರು ನೋಡ್ತಾರೆ, ಆಹಾ ಅಂತಾರೆ. ಹಾಸಿಗೆ ನೋಡ್ತಾರೆ, ಸುಮ್ಮನಾಗ್ತಾರೆ."

ಮಾರ್ಚ್ ೧೯, ಬುಧವಾರ

ದುಂಡು ಬೆಡ್‌ಶೀಟನ್ನು ಮಡಿಸುವುದು ಹೇಗೆ? ನಾನು, ಕೆಲಸದವಳು ಇಬ್ಬರೂ ಬೆಳಿಗ್ಗೆಯೆಲ್ಲ ಒದ್ದಾಡಿದೆವು. ಅರ್ಧ ಮಾಡಿದರೆ ಅರ್ಧ ಚಂದ್ರ, ಇನ್ನೂ ಮಡಿಸಿದರೆ ಬೀಸಣಿಗೆ, ಅದನ್ನು ಅಟ್ಟಿಗೆ ಹಾಕಿದರೆ ಜಾರಿ ಬೀಳುತ್ತದೆ. ಲಿಫ್ಟಿನವರು ಆಗಲೇ ಮೇಲೆ ಬಂದರು, ಮೈಯೆಲ್ಲ ಎಣ್ಣೆ.

"ಓಹೋ, ಖಜಾನೆ ಅಮ್ಮ! ಇಲ್ಲೂ ಖಾಲಿ ಮಾಡ್ತಿದೀರಾ?"

"ನಿಮ್ಮ ಲಿಫ್ಟ್ ಸರಿ ಮಾಡ್ರಿ ಮೊದಲು. ನಿಮ್ಮಿಂದ ನೂರ ಹದಿನೆಂಟು ಮೆಟ್ಟಿಲು ಹತ್ತಿದೀನಿ."

"ಎಣಿಸಿದ್ರಾ?"

"ಎಣಿಸದೆ?"

"ನೂರ ಹದಿನೇಳು. ಕೊನೇದು ಮೆಟ್ಟಿಲಲ್ಲ, ಹೊಸ್ತಿಲು."

ಸಂಜೆ ಚಹಾ ಕುಡಿಯುತ್ತ ವಾದ ಮುಂದುವರಿಸಿದೆವು. ನಾನು ಸೋತಿಲ್ಲ.

ಮಾರ್ಚ್ ೨೧, ಶುಕ್ರವಾರ

ಉದ್ಯಾನದಿಂದ ವಾಪಸು ಬಂದಾಗ ಹಾಸಿಗೆ ಬದಲಾಗಿತ್ತು. ಬಾಗಿಲಲ್ಲೇ ನಿಂತೆ. ದುಂಡು ಬೆಡ್‌ಶೀಟು ಡೋಲಿನ ಚರ್ಮದ ಹಾಗೆ ಬಿಗಿಯಾಗಿದೆ. ಅಂಚಿನ ಸುತ್ತ ಒಂದೇ ಒಂದು ಸುಕ್ಕಿಲ್ಲ. ಬಗ್ಗಿ ಮೂಸಿದೆ. ಮೂರು ನೀರಿನಲ್ಲಿ ಜಾಲಿಸಿದ್ದು. ಕೈಯಾಡಿಸಿದೆ. ಇಸ್ತ್ರಿಯ ಓಟ ನಡುವಿನಿಂದ ಅಂಚಿಗಲ್ಲ, ಸುತ್ತ ಹೋಗಿದೆ. ಇಂಥ ಕೈಕೆಲಸ ನಾನು ನೋಡಿಲ್ಲ, ಹೇಗೆ ಮಾಡಿದರೋ ನನಗೆ ತಿಳಿಯಲೂ ಇಲ್ಲ.

"ಕಂಪನಿಯವರಿಗೆ ಬುದ್ಧಿ ಬಂತಾ?"

"ಅವರದಲ್ಲ ಅಕ್ಕಾ. ಬೇರೆ ಲಾಂಡ್ರಿಯವರು ನಾಲ್ಕು ಶೀಟು ಮಾಡಿ ತೋರಿಸ್ತೀವಿ ಅಂತ ಒಯ್ದಿದ್ರು. ಆಯಮ್ಮ ತಾನೇ ಹೊತ್ಕೊಂಡು ಮೆಟ್ಟಿಲು ಹತ್ತಿ ಬಂದ್ಲು. ಜಡೆ ಗಂಟಿಗೆ ಪೆನ್ನು ಸಿಕ್ಕಿಸ್ಕೊಂಡಿದ್ಲು. ಬಾಗಿಲಲ್ಲಿ ನಿಮ್ಮ ಇನ್ನೊಂದು ಜೊತೆ ಚಪ್ಪಲಿ ನೋಡಿ, ಇವರು ಒಳಗಿದಾರಾ ಅಂದ್ಲು. ಇಲ್ಲ ಅಂದೆ. ಆರಾಮಾಗಿದಾರಾ ಅಂದ್ಲು. ಬೆಳಿಗ್ಗೆಯೆಲ್ಲ ಲಿಫ್ಟಿನವರ ಜೊತೆ ಜಗಳ ಆಡ್ತಾರೆ ಅಂದೆ. ನಗ್ತಾ ಹೋದ್ಲು."

ಅರ್ಧ ಚಮಚ ಹೆಚ್ಚು ಸೋಪು ಹಾಕಿ ಮೂರು ನೀರಿನಲ್ಲಿ ಜಾಲಿಸಿದ್ದಾಳೆ. ನಾನು ಅಳತೆ ನೋಡುತ್ತಿದ್ದೆ, ಮುಂದಿನ ನೀರು ನೋಡುತ್ತಿರಲಿಲ್ಲ.

ಫೋನ್ ಮಾಡಲಿಲ್ಲ. ಒಪ್ಪಂದ ಇದೆ, ಅವಳೂ ಮುರಿದಿಲ್ಲ. ಆದರೆ ಒಂದು ಬೆಡ್‌ಶೀಟು ಚೆನ್ನಾಗಿ ಮಾಡುವುದು ಬೇರೆ, ಲಾಂಡ್ರಿ ನಡೆಸುವುದು ಬೇರೆ. ಸೋಮವಾರ ನೋಡೋಣ.

ಮಾರ್ಚ್ ೨೪, ಸೋಮವಾರ

ಕಂಪನಿಯ ವ್ಯವಹಾರದವನಿಗೆ ಹನ್ನೊಂದಕ್ಕೆ ಬರಲು ಹೇಳಿದ್ದೆ, ಮಗಳಿಗೆ ಹತ್ತಕ್ಕೆ. ಕೆಳಗಿನ ಅಂಗಳದಲ್ಲಿ ಕೂತೆವು. ಅವಳು ಒಂದು ಕಾಗದ ತೆಗೆದಳು.

"ಎಲ್ಲ ಹೇಳ್ಬಿಡ್ತೀನಿ ಅಮ್ಮ, ನಡುವೆ ಬಾಯಿ ಹಾಕ್ಬೇಡ. ಮೂರು ಮಹಡಿಯವರನ್ನ ಬಿಟ್ಟೆ."

"ಗೊತ್ತು."

"ಗೊತ್ತಾ? ಇಸ್ತ್ರಿ ಮಾಮ ಹೇಳಿದ್ರಾ? ... ಸರಿ. ಟವೆಲು ಮಡಿಸೋ ಹುಡುಗಿ ಕೆಲಸ ಬಿಟ್ಲು, ಅವಳ ಅಕ್ಕನ ಮನೆ ಹತ್ರ ಹೋದ್ಲು. ನೀರಿನ ಟ್ಯಾಂಕಿನವರು ಬಂದ್ರು, ಶಾಲೆಯವರು ಯೋಚನೆ ಮಾಡ್ತೀವಿ ಅಂದಿದಾರೆ. ಆಮೇಲೆ... ಬಾಯ್ಲರ್ ನಿಂತಿತ್ತು. ಎರಡು ದಿನ. ಹದಿಮೂರು, ಹದಿನಾಲ್ಕು. ಒಂದು ಶೀಟೂ ಆಚೆ ಹೋಗ್ಲಿಲ್ಲ." ಕಾಗದ ಮಡಿಸಿದಳು. "ಮಾತಿನ ಪ್ರಕಾರ ಮುಗ್ಗರಿಸಿದೀನಿ. ನಾನೇ ಹಾಕಿದ ಷರತ್ತು. ಅಳೋದಿಲ್ಲ."

ಬಾಯ್ಲರ್! ಎರಡು ದಿನ!

"ನನಗೆ ಯಾಕೆ ಹೇಳ್ಲಿಲ್ಲ ಯಾರೂ?"

"ನೀನು ಫೋನ್ ಮಾಡ್ಲಿಲ್ವಲ್ಲ. ಮಾಮ ಎರಡು ದಿನಾನೂ ಫೋನ್ ಮುಂದಿಟ್ಕೊಂಡು ಕೂತಿದ್ರು. ಈಗ ಮಾಡ್ತಾರೆ, ಈಗ ಮಾಡ್ತಾರೆ, ನಾನೇನು ಹೇಳ್ಲಿ ಅಂತ ಬೆವರ್ತಿದ್ರು. ಅಲ್ಲೀವರೆಗೆ ದಿನಾ ಮಾಡ್ತಿದ್ದೋಳು, ಸರಿಯಾಗಿ ಆ ಎರಡು ದಿನ ನಿನ್ನ ಫೋನೇ ಇಲ್ಲ."

ಮೊನ್ನೆ ಮೊನ್ನೆಯದೇ. ಆದರೂ ಈ ಪುಸ್ತಕ ತೆಗೆದು ಪುಟ ತಿರುಗಿಸಿದೆ. ಹದಿಮೂರು: ಬೆಂಚಿನ ಮೇಲೆ. ಹದಿನಾಲ್ಕು: ಪಿಟೀಲು. "ಏನ್ ಬರ್ದಿದೆ ಅದರಲ್ಲಿ?" ಎಂದು ಬಗ್ಗಿದಳು. ಮುಚ್ಚಿದೆ.

"ಬಾಯ್ಲರ್ ನಿಂತಾಗ ಏನ್ ಮಾಡ್ದೆ?"

"ಬೆಳಿಗ್ಗೆ ಏಳಕ್ಕೇ ಹನ್ನೊಂದು ಹೋಟೆಲಿಗೂ ನಾನೇ ಹೋದೆ. ಫೋನಲ್ಲಿ ಹೇಳ್ಲಿಲ್ಲ, ಎದುರು ನಿಂತು ಹೇಳ್ದೆ. ಇವತ್ತು ಬರಲ್ಲ, ನಾಳೇನೂ ಬರಲ್ಲ, ಶನಿವಾರ ಎಲ್ಲ ಬರುತ್ತೆ ಅಂತ. ಇಬ್ರು ಬೈದ್ರು. ಒಬ್ರು ಚಹಾ ಕೊಟ್ರು. ಶನಿವಾರ ಎಲ್ಲ ಹೋಯ್ತು."

"ಬಾಯ್ಲರ್ ನನ್ನ ಕಾಲದಲ್ಲಿ ಎಷ್ಟು ಸಲ ನಿಂತಿದೆ ಗೊತ್ತಾ ನಿನಗೆ?"

"ಇಲ್ಲ."

"ಒಂಬತ್ತು ಸಲ. ನಾನು ಎದುರು ಹೋಗಿ ನಿಂತಿದ್ದು ಒಂದ್ಸಲಾನೂ ಇಲ್ಲ. ಮೇಸ್ತ್ರಿನ ಕಳಿಸ್ತಿದ್ದೆ. ಒಂಬತ್ತು ಸಲ ಆದ್ಮೇಲೂ ಮಾಲೀಕಳು ನಾನೇ ಆಗಿದ್ದೆ. ನಿನಗ್ಯಾಕೆ ಒಂದಕ್ಕೇ ಬಿಡಿಸ್ಬೇಕು?"

ಅವಳು ನನ್ನನ್ನೇ ನೋಡಿದಳು. ಅಳುವುದಿಲ್ಲ ಎಂದು ಹೇಳಿದ್ದನ್ನು ಮರೆತಳು.

ಅಷ್ಟರಲ್ಲಿ ಕಂಪನಿಯವನು ಬಂದ. ಒಳ್ಳೆಯ ಬೂಟು, ಕಂಕುಳಲ್ಲಿ ಕಾಗದದ ಚೀಲ. "ಅಮ್ಮಾ, ತೀರ್ಮಾನ ಆಯ್ತಾ?" ಎಂದು ಕುರ್ಚಿ ಎಳೆದ.

"ನನ್ನ ಕೇಳ್ಬೇಡಿ. ಮಾಲೀಕಳು ಅಲ್ಲಿ ಮೂಗು ಒರೆಸ್ಕೊಳ್ತಿದಾಳೆ, ಅವಳನ್ನ ಕೇಳಿ."

ಮಗಳು ನೆಟ್ಟಗೆ ಕೂತಳು. "ಮಾರೋದಿಲ್ಲ" ಎಂದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವನೂ ಏಳುತ್ತಿದ್ದ. ಆಗ ಅವಳು, "ಕೂತ್ಕೊಳ್ಳಿ. ನಿಮ್ಮ ಮಷೀನಿಗೆ ದುಂಡಗಿರೋದು ಆಗಲ್ಲ, ಅಲ್ವಾ? ಈ ಟ್ಯಾಂಕೊಂದೇ ಅಲ್ಲ. ಹಡಗಿನ ಹೋಟೆಲಿನವರದು ತ್ರಿಕೋನ, ಮರದ ಮೇಲಿನವರದು ಅರ್ಧ ಚಂದ್ರ. ಎಲ್ಲರೂ ನಿಮ್ಮ ಮೇಲೆ ಸಿಟ್ಟಾಗಿದಾರೆ. ಆ ಸೊಟ್ಟ ಶೀಟೆಲ್ಲ ನಮಗೆ ಕಳಿಸಿ. ಕೇಬಲ್ ಸುತ್ತಿ ಬರೋ ದೊಡ್ಡ ಮರದ ಗಾಲಿ ಇರುತ್ತಲ್ಲ, ಅದನ್ನ ಮಲಗಿಸಿ, ಕೆಳಗೆ ಬೇರಿಂಗ್ ಕೂರಿಸಿ, ಮೇಲೆ ಕಂಬಳಿ ಹೊದಿಸಿದೀವಿ. ಮೇಜು ತಿರುಗುತ್ತೆ, ಇಸ್ತ್ರಿ ನಿಂತಲ್ಲೇ ಇರುತ್ತೆ. ಚೌಕದ್ದು ನೀವು ಮಾಡ್ಕೊಳ್ಳಿ. ಸೊಟ್ಟದ್ದು ನಮ್ಮದು."

ಕಂಪನಿಗೆ ಕೂಲಿ ಕೆಲಸ! ಹತ್ತು ವರ್ಷದಿಂದ ನನ್ನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕಿತ್ತುಕೊಂಡವರಿಗೆ! ನಾನಾಗಿದ್ದರೆ ಚಹಾ ಕೂಡ ಕೊಡದೆ ಕಳಿಸುತ್ತಿದ್ದೆ. ಬಾಯಿ ತೆರೆದೆ. ಮಗಳು ನನ್ನ ಕಡೆ ತಿರುಗಿದಳು, ಅವನೂ ತಿರುಗಿದ. ಇಬ್ಬರೂ ಕಾಯುತ್ತಿದ್ದರು.

"ಇವರಿಗೊಂದು ಚಹಾ ಹೇಳು" ಎಂದೆ.

ಅವನು ನಾಳೆ ತನ್ನ ಮೇಲಿನವರನ್ನು ಕರೆತಂದು ಗಾಲಿ ನೋಡುತ್ತಾನಂತೆ. ಹೋಗುವಾಗ ಕೈ ಮುಗಿದದ್ದು ನನಗಲ್ಲ, ಅವಳಿಗೆ. ಸ್ವಲ್ಪ ಚುಚ್ಚಿತು. ಸ್ವಲ್ಪವೇ.

ಈಗಲೂ ನನ್ನ ಅಭಿಪ್ರಾಯ, ಅದು ತಪ್ಪು ತೀರ್ಮಾನ. ಇಲ್ಲಿ ಬರೆದಿಟ್ಟಿದ್ದೇನೆ, ಬೇರೆಲ್ಲೂ ಹೇಳುವುದಿಲ್ಲ.

ಮಾರ್ಚ್ ೨೫, ಮಂಗಳವಾರ

ಒಂಬತ್ತಕ್ಕೆ ಎದ್ದೆ. ಲಿಫ್ಟು ರಿಪೇರಿಯಾಗಿದೆ, ಇಳಿಯುವಾಗ ಒಂದೇ ಸಲ ಗುಂಡಿ ಒತ್ತಿದೆ.

ಮಗಳ ಫೋನು ಬಂತು, ಅವಳಾಗೇ ಮಾಡಿದ್ದು. ಕಂಪನಿಯವರು ಹನ್ನೆರಡಕ್ಕೆ ಬರುತ್ತಾರಂತೆ, ಹಡಗಿನ ಹೋಟೆಲಿನಿಂದ ತರಿಸಿದ ತ್ರಿಕೋನದ ಶೀಟು ಯಾವ ತುದಿಯಿಂದ ಹಿಡಿಯಬೇಕೆಂದು ಯಾರಿಗೂ ತೋಚುತ್ತಿಲ್ಲವಂತೆ. "ಬಂದು ಒಂದ್ಸಲ ನೋಡ್ತೀಯಾ ಅಮ್ಮ? ಹನ್ನೊಂದಕ್ಕೆ ಬಾ."

ಹನ್ನೊಂದಕ್ಕೆ ಹೋಗುತ್ತೇನೆ. ಹತ್ತಕ್ಕಲ್ಲ.